ಮಹಜರು ತೆಗೆದವರು

ಅವರ ಶ್ರದ್ಧಾಂಜಲಿ ಸಭೆ ನಡೆದದ್ದು ಶ್ರೀರಂಗಪಟ್ಟಣದ ಒಂದು ಕಲ್ಯಾಣಮಂಟಪದ ಕೆಳಗಿನ ಹಾಲಿನಲ್ಲಿ. ಮೇಲಿನ ಹಾಲಿನಲ್ಲಿ ಯಾರದೋ ನಿಶ್ಚಿತಾರ್ಥ. ಕೆಳಗೆ ಒಬ್ಬೊಬ್ಬರಾಗಿ ಎದ್ದು ಗುಣಗಾನ ಮಾಡುವಾಗ ಮೇಲಿಂದ ನಾದಸ್ವರ ಇಳಿದು ಬರುತ್ತಿತ್ತು, ಮಾತನಾಡುವವರು ದನಿ ಏರಿಸಬೇಕಾಗುತ್ತಿತ್ತು. ಹಾಗೆ ಏರಿಸಿದ ದನಿಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಸಂಗತಿ: ವಂಶವೃಕ್ಷದ ಸರ್ಟಿಫಿಕೇಟಿನಿಂದ ಮಹಜರು ತೆಗೆದು ಹಾಕಿದ ಪುಣ್ಯಾತ್ಮರು ಇವರು.

"ಇವತ್ತು ರೈತ ಗದ್ದೆ ಬದುವಿನ ಮೇಲೆ ನಿಂತ್ಕೊಂಡು ಮೊಬೈಲ್‌ನಲ್ಲೇ ವಂಶವೃಕ್ಷ ತಗೋತಾನೆ. ಯಾರ ಕೈಕಾಲೂ ಹಿಡಿಯೋ ಹಾಗಿಲ್ಲ. ಅದು ಇವರ ಕೊಡುಗೆ," ಎಂದರು ಒಬ್ಬ ಹಿರಿಯ ಅಧಿಕಾರಿ. ಚಪ್ಪಾಳೆ ಬಿತ್ತು. ಇಂಥ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದೆಂದು ಯಾರಿಗೋ ನೆನಪಾಗಿ ಅದು ಅರ್ಧಕ್ಕೇ ನಿಂತಿತು.

ನನ್ನ ಪಕ್ಕದಲ್ಲಿ ನಮ್ಮ ಹಳೆಯ ಜೀಪಿನ ಡ್ರೈವರ್ ರಹಮತ್ ಕೂತಿದ್ದ. "ಅರೇ, ಇದೇನಮ್ಮಾ? ಸಾಬ್ರು ಸಾಯೋಗಂಟ ಅದನ್ನ ವಾಪಸ್ ತರಕ್ಕೆ ಒದ್ದಾಡುದ್ರಲ್ಲ. ಅದನ್ಯಾಕೆ ಒಬ್ರೂ ಹೇಳ್ತಿಲ್ಲ?" ಎಂದ.

"ಮೆಲ್ಲಗೆ."

"ಮೆಲ್ಲಗೆ ಯಾಕಮ್ಮಾ? ಸತ್ತೋರ್ಗೇನು ಕೇಳ್ಸಲ್ಲ. ಇರೋರ್ಗೆ ಕೇಳ್ಳಿ ಅಂತಾನೇ ಹೇಳ್ತಿರೋದು."

ಮುಂದಿನ ಸಾಲಿನವರು ತಿರುಗಿ ನೋಡಿದರು. ಅಷ್ಟೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಅವರು ಆ ಹಾಲಿನ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುತ್ತಿದ್ದ ಫೋಟೋದವರಾಗಿಬಿಡುತ್ತಾರೆ, ಆ ನಗು ನನಗೆ ಪರಿಚಯದ್ದಲ್ಲ.

ಮೊದಲು ಅವರನ್ನು ನೋಡಿದ್ದು ಎಲ್ಲಿ? ಕೆ.ಆರ್. ಪೇಟೆಯಲ್ಲಿ, ಜನರ ಸಾಲಿನಲ್ಲಿ ತಾವೂ ಒಬ್ಬರಾಗಿ ನಿಂತು ಕೌಂಟರಿನ ಗುಮಾಸ್ತನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾಗ. ಅಥವಾ ಪಾಂಡವಪುರದ ಒಂದು ವರಾಂಡದಲ್ಲಿ, ಬೆಂಚಿನ ತುದಿಗೆ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದಾಗ. ಎರಡೂ ನನಗೆ ಸ್ಪಷ್ಟವಾಗಿ ಕಾಣುತ್ತವೆ, ಎರಡೂ ಮೊದಲಾಗಲಾರವು. ಎರಡರಲ್ಲೂ ಅವರ ಅಂಗಿ ಜೇಬು ಉಬ್ಬಿದೆ. ಆದ್ದರಿಂದ ಕಡಲೆಕಾಯಿಯ ಮಟ್ಟಿಗಾದರೂ ನನ್ನ ನೆನಪನ್ನು ನಂಬಬಹುದು.

ಸರ್ಕಾರಿ ಸೇವೆಗಳನ್ನು ಸರಳ ಮಾಡುವ ಒಂದು ಯೋಜನೆ ಆಗ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗಕ್ಕೆಂದು ಶುರುವಾಗಿತ್ತು. ಹಣ ಹೊರಗಿನದು, ಸಲಹೆಗಾರರು ಹೊರಗಿನವರು, ಜೀಪು ಮಾತ್ರ ನಮ್ಮದು. ಕಂದಾಯ ಇಲಾಖೆಗೆ ಗ್ರಾಮ ಲೆಕ್ಕಿಗರಾಗಿ ಸೇರಿ ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದ ಅವರನ್ನು ಅದಕ್ಕೆ ಮುಖ್ಯಸ್ಥರನ್ನಾಗಿ ಹಾಕಿದ್ದರು. ಗುತ್ತಿಗೆಯ ಮೇಲೆ ಬಂದಿದ್ದ ನನಗೆ ಇದ್ದ ಕೆಲಸ ಯಶೋಗಾಥೆ ಬರೆಯುವುದು. ಮೊದಲು ಜನ ಹೀಗೆ ಕಷ್ಟಪಡುತ್ತಿದ್ದರು, ಈಗ ಹೀಗೆ ಸುಖವಾಗಿದ್ದಾರೆ ಎಂದು ಫೋಟೋ ಸಮೇತ ಒಂದೊಂದು ಪುಟ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಏನ್ ಬರವಣ್ಗೆ, ಇವತ್ತು ಯಾರ್‌ನ ಉದ್ಧಾರ ಮಾಡ್ದೆ?" ಎನ್ನುತ್ತಿದ್ದರು.

ಅವರಿಗೆ ಜನ ಇಟ್ಟಿದ್ದ ಅಡ್ಡಹೆಸರು 'ಯಾಕ್ಬೇಕು ಸಾಹೇಬ್ರು'. ಯಾವ ಕಾಗದ ಕಂಡರೂ ಅದನ್ನು ಮೂಗಿನ ಹತ್ತಿರ ಹಿಡಿದು "ಇದ್ಯಾಕ್ಬೇಕು?" ಎಂದು ಕೇಳುವರು. ನಾಗಮಂಗಲದಲ್ಲಿ ಒಮ್ಮೆ ಆದಾಯದ ಸರ್ಟಿಫಿಕೇಟಿಗೆ ಅಂಟಿಸುವ ಫೋಟೋದ ಮೇಲೆ ದೊಡ್ಡ ಅಧಿಕಾರಿಯ ಸಹಿ ಕೇಳುತ್ತಿದ್ದುದನ್ನು ಕಂಡರು.

"ಈ ಸಹೀನ ಆಮೇಲೆ ಯಾರ್ ನೋಡ್ತಾರೆ?"

"ಯಾರೂ ನೋಡಲ್ಲ ಸಾರ್."

"ಮತ್ಯಾಕ್ಬೇಕು?"

"ಮೊದ್ಲಿಂದ ಐತಲ್ಲ ಸಾರ್."

"ಮೊದ್ಲಿಂದ ಸಿಡುಬೂ ಇತ್ತು ಕಣಯ್ಯಾ."

ತಮ್ಮ ಮಾತಿಗೆ ತಾವೇ ಮೊದಲು ನಗುತ್ತಿದ್ದರು. ಬಣ್ಣ ಹಾಕಿದ ಮೀಸೆ ಆಗ ಒಂದು ಕಡೆಗೆ ಎಳೆದುಕೊಳ್ಳುತ್ತಿತ್ತು. ಬಣ್ಣ ಹಾಕುವುದನ್ನು ಯಾರಾದರೂ ಎತ್ತಿ ಆಡಿದರೆ ಆ ದಿನವೆಲ್ಲ ಮುನಿಸು. ಮೃದು ಮನುಷ್ಯರೇನಲ್ಲ. ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಗುಮಾಸ್ತರು ಪ್ರತಿ ಹಾಳೆಗೂ ಸೀಲು ಒತ್ತುತ್ತ ಕೂತಿದ್ದಾಗ ಇವರು ಆ ಸೀಲನ್ನು ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆದರು. ಹಾಗೆಂದು ನನ್ನ ನೆನಪು. "ಎಸೀಲಿಲ್ಲ, ಜೇಬಿಗಾಕ್ಕೊಂಡ್ರು, ಸಾಯಂಕಾಲ ನನ್ನ ಕೈಲಿ ಕೊಟ್ಟು ಕಳ್ಸಿದ್ರು," ಎನ್ನುತ್ತಾನೆ ರಹಮತ್. ಬರಿಗೈಯನ್ನು ಮೇಜಿನ ಮೇಲಿಟ್ಟುಕೊಂಡು ಕೂತ ಆ ಗುಮಾಸ್ತರ ಮುಖದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಜೀಪಿನಲ್ಲಿ ಹೋಗುವಾಗ, ಕಾಲುವೆಯ ಏರಿಯ ಮೇಲೆ, ಕಬ್ಬಿನ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡು ಆಮೆಯ ಹಾಗೆ ತೆವಳುವಾಗ, ಅವರ ಒಳ್ಳೆಯ ಮಾತುಗಳು ಬರುತ್ತಿದ್ದವು. "ಜನ ನಮ್ಮತ್ರುಕ್ ಬರೋದೇ ಒಂದು ಕಾಯ್ಲೆ ಕಣವ್ವ. ನಾವು ಬಾಗ್ಲಲ್ಲಿ ಸೊಪ್ಪು ಕಟ್ಕಂಡು, ಫ್ಯಾನ್ ಹಾಕಂಡು, ಬನ್ನಿ ಬನ್ನಿ ಅಂತೀವಿ. ಆಸ್ಪತ್ರೆಯೋರು ಜನ ಬರ್ಲಿ ಅಂತ ಆಸೆ ಪಟ್ರೆ ಚೆಂದಾಗಿರ್ತದಾ?"

ರಹಮತ್ ಕನ್ನಡಿಯಲ್ಲಿ ನೋಡಿ, "ಸಾಬ್, ಜನ ಬರೋದೇ ನಿಂತೋದ್ರೆ ನಮ್ಮ ಜೀಪ್ ಯಾಕ್ಬೇಕು ಅಂತೀರಾ ಆಮೇಲೆ," ಎಂದ.

"ಅದ್ನೂ ತೆಗಿಯೋದೇ ಕಣ್ಲಾ. ನಿನ್ನ ಮೊದ್ಲು ತೆಗೀತೀನಿ."

ಮಹಜರು ಎಂದರೆ ಏನೆಂದು ಊರ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ: ಮನೆಯ ಯಜಮಾನ ತೀರಿಕೊಂಡರೆ ಜಮೀನಿನ ಖಾತೆ ಬದಲಾಗುವ ಮುಂಚೆ, ಅವನ ಮಕ್ಕಳು ಯಾರ್ಯಾರು ಎಂದು ಸರ್ಕಾರ ಬರೆದುಕೊಡುವ ಸರ್ಟಿಫಿಕೇಟೇ ವಂಶವೃಕ್ಷ. ಅದಕ್ಕೆ ಗ್ರಾಮ ಲೆಕ್ಕಿಗ ಹಳ್ಳಿಗೆ ಬಂದು, ಅರಳಿಕಟ್ಟೆಯ ಮೇಲೋ ಯಾರದೋ ಜಗಲಿಯ ಮೇಲೋ ಕೂತು, ಊರಿನ ಕೆಲವು ಗಂಡಸರನ್ನು ಪಂಚರೆಂದು ಕರೆದು, ಈ ಮನೆಯಲ್ಲಿ ಮಕ್ಕಳು ಯಾರು ಎಂದು ಕೇಳಿ, ಅವರು ಹೇಳಿದ್ದನ್ನು ಬರೆದು, ಕೆಳಗೆ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು ಹೋಗಬೇಕು. ಅದು ಮಹಜರು.

ಅದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಾರಣ ಅವರೇ ಹೇಳಿದ್ದರು. ಚಿಕ್ಕ ವಯಸ್ಸಿನಲ್ಲಿ ಕೆ.ಆರ್. ಪೇಟೆಯ ಕಡೆ ಲೆಕ್ಕಿಗರಾಗಿದ್ದಾಗ ಮಹಜರು ಎಂದರೆ ಮಧ್ಯಾಹ್ನದ ಬಾಡೂಟ. ಅರ್ಜಿ ಹಾಕಿದವನೇ ಕರೆದು ಬಡಿಸುವನು, ಪಂಚರೂ ಅದೇ ಪಂಕ್ತಿಯಲ್ಲಿ. "ಅವ್ರ ಮನೆ ಕೋಳಿಸಾರು ಉಂಡು, ಕೈ ತೊಳ್ಕಂಡು, ಅವ್ರ ವಿರುದ್ಧ ಏನಂತ ಬರೀಲಿ, ನೀನೇ ಯೋಳು ಮತ್ತೆ. ಪಂಚರಂತೆ! ಅವನು ಯೋಳಿದ್ಕೆ ಇವನು ತಲೆದೂಗೋದು. ನಾಟ್ಕ ಕಣವ್ವ ಅದು, ಬರೀ ನಾಟ್ಕ. ಬಡವ ಕೋಳಿ ಕುಯ್ಯಕ್ಕಾಗ್ದೆ ವರ್ಷಾನುಗಟ್ಲೆ ಅಲೀತಿದ್ದ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಚೇರಿಯ ಗೋಡೆಯ ಮೇಲೆ ಕಂದು ಬಣ್ಣದ ದೊಡ್ಡ ಕಾಗದ ಹಚ್ಚಿ, ಒಂದೊಂದು ಸೇವೆಗೂ ಅರ್ಜಿ ಹೋಗುವ ದಾರಿಯನ್ನು ಚೌಕ ಬಾಣ ಹಾಕಿ ಬರೆಸಿದ್ದರು. ಅರ್ಜಿದಾರನಿಗೊಂದು ಚೌಕ, ಲೆಕ್ಕಿಗನಿಗೊಂದು, ಪಂಚರಿಗೊಂದು, ಮೇಲಿನವರಿಗೊಂದು. ಒಂದು ದಿನ ಸಭೆಯ ನಡುವೆ ಎದ್ದು ಹೋಗಿ ಲೆಕ್ಕಿಗನ ಹಳ್ಳಿ ಭೇಟಿಯ ಚೌಕಕ್ಕೂ ಪಂಚರ ಚೌಕಕ್ಕೂ ಅಡ್ಡಗೆರೆ ಎಳೆದರು. ಇನ್ನು ಮುಂದೆ ಅರ್ಜಿದಾರ ತನ್ನ ವಂಶವನ್ನು ತಾನೇ ಘೋಷಿಸಿಕೊಳ್ಳಬೇಕು, ನೋಟೀಸು ಹಾಕಬೇಕು, ಕೆಲವು ದಿನ ಕಾಯಬೇಕು, ತಕರಾರು ಬರದಿದ್ದರೆ ಸರ್ಟಿಫಿಕೇಟು ತನ್ನಷ್ಟಕ್ಕೇ ಬರಬೇಕು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಂದು ಯಾರೋ ಎದ್ದು ಬೇಡವೆಂದು ಎಚ್ಚರಿಸಿದ್ದರಂತೆ ಎಂದು ಈಗ ಕೆಲವರು ಹೇಳುತ್ತಾರೆ. ಅದು ಆಮೇಲೆ ಹುಟ್ಟಿದ ನೆನಪು. ಯಾರೂ ಏಳಲಿಲ್ಲ. ಏಳುವಂಥದ್ದು ಏನೂ ಆ ಗೋಡೆಯ ಮೇಲೆ ಕಾಣುತ್ತಿರಲಿಲ್ಲ.

ಹೊರಗಿನಿಂದ ದೊಡ್ಡವರು ಬಂದು ನೋಡಿ ಮೆಚ್ಚಿದರು. ನಮ್ಮಲ್ಲಿ ಆದದ್ದನ್ನು ಬೇರೆ ಕಡೆಗಳಲ್ಲೂ ಮಾಡಲು ಹೊರಟರು. ನಮ್ಮ ಸಾಹೇಬರು ಹೊಸ ಬಿಳಿ ಅಂಗಿ ಹೊಲಿಸಿದರು.

ಚಿಕ್ಕತಾಯಮ್ಮ ಬಂದದ್ದು ಆ ದಿನಗಳಲ್ಲಿ. ನಾಲ್ಕರಲ್ಲಿ ಒಂದು ಕಚೇರಿ, ಯಾವುದೆಂದು ಬೇಡ. ಅಧಿಕಾರಿಗಳ ಕುರ್ಚಿ ಬಿಟ್ಟು ಜನರ ಬೆಂಚಿನಲ್ಲಿ ಕೂರುವುದು ಅವರ ಅಭ್ಯಾಸ, ನಾನೂ ಪಕ್ಕದಲ್ಲಿದ್ದೆ. ಐವತ್ತು ದಾಟಿದ ಹೆಂಗಸು, ಬ್ಯಾಗನ್ನು ಎದೆಗೆ ಅವುಚಿಕೊಂಡು ಕೌಂಟರಿನ ಮುಂದೆ ನಿಂತಿದ್ದಳು. ತವರು ಪಾಂಡವಪುರದ ಕಡೆಯ ಒಂದು ಹಳ್ಳಿ, ಕೊಟ್ಟದ್ದು ನಾಗಮಂಗಲ ತಾಲ್ಲೂಕಿನ ಹೊಣಕೆರೆಗೆ. ಅಪ್ಪ ತೀರಿಕೊಂಡಿದ್ದ. ತಮ್ಮಂದಿರು ವಂಶವೃಕ್ಷ ಮಾಡಿಸಿದ್ದರು.

"ನಮ್ಮಪ್ಪನ ಮಕ್ಳಲ್ಲಿ ನಾನೆಲ್ಲೋದೆ ಸಾಮಿ?" ಎಂದಳು.

ಕೌಂಟರಿನ ಹುಡುಗಿ ಪರದೆ ನೋಡಿದಳು. "ಇಬ್ರು ಗಂಡ್ಮಕ್ಳು ಅಂತ ಇದೆ ಕಣಮ್ಮ. ನೋಟೀಸ್ ಹಾಕಿತ್ತಲ್ಲ, ಆಗ್ಲೇ ತಕರಾರು ಕೊಡ್ಬೇಕಿತ್ತು."

"ಎಲ್ಲಾಕಿದ್ರಿ?"

"ವೆಬ್‌ಸೈಟ್‌ನಲ್ಲಿ. ಪಂಚಾಯ್ತಿ ಬೋರ್ಡ್‌ನಲ್ಲೂ."

"ಯಾವ ಪಂಚಾಯ್ತಿ?"

"ನಿಮ್ಮಪ್ಪನ ಊರಿಂದೇ."

"ನಾನಿರಾದು ಹೊಣಕೇರೇಲಿ ಕಣವ್ವ. ಅಬ್ಬಕ್ಕೆ ಓದ್ರೂ ಕುಂಕುಮ ಇಕ್ಕಿಸ್ಕಂಡು ಬಂದ್ಬುಡ್ತೀನಿ. ಆ ಬೋಲ್ಡ್ ನಾನ್ಯಾವಾಗ ನೋಡ್ಲಿ?"

ಅವರು ಎದ್ದು ಹೋಗಿ ಅವಳನ್ನು ಬೆಂಚಿಗೆ ಕರೆತಂದು ಕೂರಿಸಿದರು. ಕಾನೂನಿನಲ್ಲಿ ಮಗಳಿಗೂ ಸಮಪಾಲಿದೆ, ಹೆದರಬೇಡ ಎಂದರು. ಅವಳಿಗೆ ಅದು ಗೊತ್ತಿತ್ತು. "ಪಾಲು ಕೊಡ್ದಿದ್ರೆ ಕತ್ತೆ ಬಾಲ. ಕೇಳೇ ಇರ್ಲಿಲ್ಲ ನಾನು. ಅಪ್ಪುನ್ ಮಗ್ಳಾಗಿ ಉಟ್ಟಿದ್ನೇ ಅಳಿಸ್ಬುಟ್ರಲ್ಲ ಸಾಮಿ. ಮೊದ್ಲಾಗಿದ್ರೆ ಇಂಗಾಗ್ತಿರ್ಲಿಲ್ಲ."

"ಮೊದ್ಲೂ ಇಂಗೇ ಆಗ್ತಿತ್ತು ಕಣವ್ವ. ಪಂಚರು ಅವ್ರು ಯೋಳಿದ್ನೇ ಬರೆಸ್ತಿದ್ರು."

"ಪಂಚರು ಬುಡಿ. ಅವ್ರು ಉಂಡೋರು." ಅವಳು ಬ್ಯಾಗಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ ಚಿಕ್ಕಪ್ಪ ಸತ್ತಾಗ ಮಾಜರ್ ಬರಿಯಕ್ಕೆ ಬಂದಿದ್ರು. ಅವನ ಮಗ್ಳ ಎಸ್ರು ಬುಟ್ಬುಟ್ಟು ಬರೆಸ್ತಿದ್ರು. ಸೂರ್ ಕೆಳಗೆ ಎಂಗುಸ್ರೆಲ್ಲ ನಿಂತಿದ್ರಲ್ಲ, ಒಬ್ಳು ಕೂಗ್ಕಂಡ್ಳು, 'ಏ, ಇನ್ನೊಂದ್ ಎಣ್ಣದೆ ಕಣಪ್ಪೋ, ಅರಕೆರೆಗ್ ಕೊಟ್ಟಿರಾದು' ಅಂತ. ಬರಿಯೋರು ಪೆನ್ನಿಡ್ಕಂಡು ತಲೆ ಎತ್ತುದ್ರು. ಅಷ್ಟು ಜನ್ದೆದ್ರುಗೆ ಇಲ್ಲ ಅನ್ನಕ್ಕಾಯ್ತದಾ? ಬರ್ಕಂಡ್ರು."

ಅರಕೆರೆ ಸಾಹೇಬರ ಸ್ವಂತ ಊರು. ಸುಲಿದ ಕಡಲೆಕಾಯಿ ಅಂಗೈಯಲ್ಲೇ ಇತ್ತು. ಅವರು ಬರೆದ ಎಲ್ಲ ಮಹಜರುಗಳಲ್ಲೂ ಆ ಹೆಂಗಸರು ಸೂರಿನ ಕೆಳಗೆ ನಿಂತಿದ್ದಿರಬೇಕು. ಸಹಿ ಹಾಕದ ಅವರಿಗೆ ಕಾಗದದಲ್ಲಿ ಜಾಗವಿರಲಿಲ್ಲ, ಹಾಗಾಗಿ ಗೋಡೆಯ ಮೇಲೆ ಚೌಕವೂ ಇರಲಿಲ್ಲ. ಸಾಹೇಬರು ಪಂಚರನ್ನಷ್ಟೇ ತೆಗೆದೆನೆಂದುಕೊಂಡಿದ್ದರು. ಪಂಚರ ಜೊತೆ ಈ ಹೆಂಗಸರೂ ಹೋಗಿದ್ದರು.

ಆ ದಿನ ಜೀಪಿನಲ್ಲಿ ರಹಮತ್ ಏನೋ ತಮಾಷೆ ಮಾಡಿದ. ಅವರು ನಗಲಿಲ್ಲ. ಬಹಳ ದೂರ ಹೋದ ಮೇಲೆ, "ಎಷ್ಟು ಮನೇಲಿ ಇಂಗಾಗದೋ," ಎಂದರು. ನಮ್ಮನ್ನು ಕೇಳಿದ್ದಲ್ಲ.

ಅಲ್ಲಿಂದ ಅವರು ಬೇರೆ ಮನುಷ್ಯರಾದರು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗೇನೂ ಆಗಲಿಲ್ಲ. ಗುಮಾಸ್ತರನ್ನು ಬೈಯುವುದು, ಕಡಲೆಕಾಯಿ, ಮೀಸೆಯ ಬಣ್ಣ ಎಲ್ಲವೂ ಇದ್ದವು. ಬದಲಾದದ್ದು ಒಂದೇ: ವಂಶವೃಕ್ಷಕ್ಕೆ ಮಹಜರು ವಾಪಸ್ ಬರಬೇಕು ಎಂದು ಹಠ ಹಿಡಿದರು. ಕೋಳಿಸಾರಿಲ್ಲದ ಮಹಜರು, ಹಗಲು ಹೊತ್ತಿನಲ್ಲಿ, ಬೀದಿಯಲ್ಲಿ, ಮುಂಚೆಯೇ ಟಾಂಟಾಂ ಹೊಡೆಸಿ ಮಾಡುವ ಮಹಜರು. ಮೇಲಿನವರ ಸಭೆಗೆ ನನ್ನನ್ನೂ ಕರೆದುಕೊಂಡು ಹೋದರು.

ಸಭೆಯಲ್ಲಿದ್ದ ಎಳೆಯ ಅಧಿಕಾರಿ ಬುದ್ಧಿವಂತ, ಮರ್ಯಾದಸ್ಥ. "ಸಾರ್, ಹೆಜ್ಜೆ ಕಡಿಮೆ ಮಾಡೋದು ಸುಧಾರಣೆ. ನೀವು ಹೆಜ್ಜೆ ಜಾಸ್ತಿ ಮಾಡಿ ಅಂತಿದ್ದೀರಿ. ಇದನ್ನ ಯಾವ ತಲೆಬರಹದ ಕೆಳಗೆ ಹಾಕಲಿ?"

"ತಪ್ಪು ತಿದ್ಕಳದು ಅಂತ ಹಾಕಿ."

"ತಕರಾರಿದ್ದವರಿಗೆ ಕೋರ್ಟಿದೆಯಲ್ಲ ಸಾರ್."

"ಮಹಜರಲ್ಲಿ ಕೂಗೋಳು ಬೀದಿ ದಾಟುದ್ರೆ ಸಾಕಿತ್ತು. ಕೋರ್ಟಿಗೆ ಓಗೋಳು ತವರು ಮನೇನೇ ದಾಟ್ಕಂಡು ಓಗ್ಬೇಕು."

ಯಾರೋ ಮನೆಯವರಿಗೆಲ್ಲ ಮೊಬೈಲಿಗೆ ಸಂದೇಶ ಕಳಿಸೋಣ ಎಂದರು. ಎಲ್ಲರಿಗೂ ಹಿಡಿಸಿತು. ಅವರು ಮಾತ್ರ, "ನಂಬರ್ ಯಾರ್ ಕೊಡ್ತಾರೆ? ಅರ್ಜಿ ಹಾಕಿರೋ ತಮ್ಮನೇ ತಾನೇ?" ಎಂದು ಕೇಳಿದರು. ಚಹಾ ಬಂತು. ಹೊರಡುವಾಗ ಆ ಎಳೆಯ ಅಧಿಕಾರಿ ಬಾಗಿಲವರೆಗೂ ಬಂದು, "ನಿಮ್ಮ ಸಾಧನೆಯನ್ನ ನೀವೇ ಅಳಿಸ್ಕೋಬೇಡಿ ಸಾರ್," ಎಂದರು. ಅದರಲ್ಲಿ ನಿಜವಾದ ಕಾಳಜಿ ಇತ್ತು. ಅದಕ್ಕೇ ಅದನ್ನು ಕೇಳಿಸಿಕೊಳ್ಳುವುದು ಕಷ್ಟವಾಯಿತು.

ಸಾಹೇಬರು ನನಗೆ ಚಿಕ್ಕತಾಯಮ್ಮನ ಕಥೆಯನ್ನು ಬರೆಯಲು ಹೇಳಿದರು. ಬರೆದೆ. ಪುಸ್ತಿಕೆ ಅಚ್ಚಾಗಿ ಬಂದಾಗ ಆ ಪುಟದಲ್ಲಿ ಗದ್ದೆ ಬದುವಿನ ಮೇಲೆ ಮೊಬೈಲು ಹಿಡಿದು ನಿಂತ ರೈತನಿದ್ದ. ಅವರು ಅದನ್ನು ನೋಡಿ, "ಫೋಟೋ ಚೆನ್ನಾಗದೆ," ಎಂದರು.

ನಿವೃತ್ತರಾದ ಮೇಲೆ ಅರಕೆರೆಯಿಂದ ಬಸ್ಸಿನಲ್ಲಿ ಆಗಾಗ ಶ್ರೀರಂಗಪಟ್ಟಣಕ್ಕೆ ಬರುತ್ತಿದ್ದರು. ಗಂಜಾಂನಲ್ಲಿದ್ದ ನನ್ನ ಬಾಡಿಗೆ ಮನೆಗೆ ಬಂದು, ಹೊಸ್ತಿಲಲ್ಲೇ ನಿಂತು, ಒಳಗೆ ಬರುವುದಿಲ್ಲ ಎಂದು ಹೇಳಿ, ಬಹಳ ಹೊತ್ತು ನಿಂತೇ ಮಾತನಾಡಿ ಹೋಗುತ್ತಿದ್ದರು. ಆ ದಿನವೂ ಹಾಗೇ ಬಂದವರು, "ಬರವಣ್ಗೆ, ನಾಳೆ ಒಂದು ಮಹಜರ್ ಅದೆ. ಬತ್ತೀಯಾ?" ಎಂದರು.

"ಯಾರು ಮಾಡ್ತಾರೆ?"

"ನಾನೇ."

ಅದು ಹುಚ್ಚು ಎಂದು ಅವರಿಗೂ ಗೊತ್ತಿತ್ತೆಂದು ನನ್ನ ಎಣಿಕೆ. ಊರಿನ ಜನ ಎದುರಿಗೆ ಬಾಯಿಬಿಟ್ಟು ಹೇಳಿದರೆ, ಅದನ್ನು ಬರೆಸಿ ಹೆಬ್ಬೆಟ್ಟು ಹಾಕಿಸಿ ತಂದರೆ, ಕೋರ್ಟಿನಲ್ಲಿ ಚಿಕ್ಕತಾಯಮ್ಮನಿಗೆ ಒಂದು ಆಸರೆಯಾಗುತ್ತದೆ ಎಂದು ವಿವರಿಸಿದರು. ಆಗಬಹುದಿತ್ತೇನೋ. ಆದರೆ ಅವರ ಕಣ್ಣಿನಲ್ಲಿದ್ದದ್ದು ಕೋರ್ಟಲ್ಲ. ಒಬ್ಬಳಾದರೂ ಸೂರಿನ ಕೆಳಗಿಂದ ಕೂಗುವುದನ್ನು ಅವರು ಒಮ್ಮೆ ಕೇಳಬೇಕಿತ್ತು.

ರಹಮತ್ ತನ್ನ ಮಗನ ಆಟೋ ತಂದ. ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕತಾಯಮ್ಮನನ್ನು ಹತ್ತಿಸಿಕೊಂಡೆವು. ಅವಳು ಹೊಸ ಸೀರೆ ಉಟ್ಟಿದ್ದಳು. ದಾರಿಯಲ್ಲಿ ತೋಟ, ಬಾವಿ, ಯಾರದೋ ಮನೆ ಎಂದು ತೋರಿಸುತ್ತ ಬಂದವಳು ಊರು ಹತ್ತಿರವಾದಂತೆ ಬ್ಯಾಗನ್ನು ಎದೆಗೆ ಅವುಚಿಕೊಂಡಳು.

ಕಟ್ಟೆಯ ಮೇಲೆ ಕೂತು ಅವರು ಬಿಳಿ ಹಾಳೆ ತೆಗೆದರು, ಇಂಕ್ ಪ್ಯಾಡು ತೆಗೆದರು. ಜನ ಸೇರಿದರು. ಈಗ ಸೂರು ಎಲ್ಲಿದೆ, ತಾರಸಿ ಮನೆಗಳ ಸಜ್ಜೆಯಿದೆ. ಅದರ ನೆರಳಿನಲ್ಲಿ ಹೆಂಗಸರು ಬಂದು ನಿಂತರು. ನಿಂತ ರೀತಿ ಹಳೆಯದೇ, ಒಂದು ಕೈ ಸೊಂಟಕ್ಕೆ, ಒಂದು ಕೈಯಲ್ಲಿ ಸೆರಗು. ಸಾಹೇಬರು ಅದನ್ನು ನೋಡಿದರು. ಗಂಟಲು ಸರಿ ಮಾಡಿಕೊಂಡು, ಹಳೆಯ ಗ್ರಾಮ ಲೆಕ್ಕಿಗರ ದನಿಯಲ್ಲಿ, ತೀರಿಕೊಂಡ ಯಜಮಾನನ ಹೆಸರು ಹೇಳಿ ಕೇಳಿದರು: "ಇವರಿಗೆ ಮಕ್ಕಳು ಯಾರ್ಯಾರು?"

ಅಷ್ಟರಲ್ಲಿ ಚಿಕ್ಕತಾಯಮ್ಮನ ತಮ್ಮಂದಿರಲ್ಲಿ ಒಬ್ಬ ಬೈಕಿನಲ್ಲಿ ಬಂದ. ಜಗಳಕ್ಕೆ ಬಂದವನಲ್ಲ. ಚಪ್ಪಲಿ ಬಿಟ್ಟು ಕೈ ಮುಗಿದ. "ನಮಸ್ಕಾರ ಸಾರ್. ನೀವ್ ರಿಟೈರ್ಡ್ ಆಗಿದ್ದೀರಂತಲ್ಲ. ಬಿಸ್ಲಲ್ಲಿ ಯಾಕ್ ಕುಂತಿದ್ದೀರಿ, ಬನ್ನಿ ಮನೆಗೆ. ಅಕ್ಕಾ, ನೀನೂ ಬಾ, ಊಟ ಮಾಡ್ಕಂಡೋಗು."

ಅವರು ತಟ್ಟನೆ ತಲೆಯೆತ್ತಿದರು. "ಈಗ ಅಕ್ಕ ಅಂದ್ರಲ್ಲ!"

"ಅಂದೆ ಸಾರ್. ಊರೋರ್‌ನೆಲ್ಲ ಅಕ್ಕ ಅಂತಾನೇ ಕರೆಯೋದು ನಾವು."

ಒಂದಿಬ್ಬರು ಗಂಡಸರು ನಕ್ಕರು. ಸಾಹೇಬರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಸಜ್ಜೆಯ ಕಡೆ ತಿರುಗಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು, ಮೊದಲಿಗಿಂತ ಮೆಲ್ಲಗೆ. ಒಬ್ಬಳು ಬಾಯಿ ತೆರೆದಳು, ಅವಳ ಗಂಡ ಅವಳನ್ನು ನೋಡಿದ, ಅವಳು ಮುಚ್ಚಿದಳು ಎನ್ನುತ್ತಾನೆ ರಹಮತ್. ನಾನು ಕಾಣಲಿಲ್ಲ. ನನ್ನ ಮನಸ್ಸಿನಲ್ಲಿ ಕೆಲವು ಸಲ ಒಬ್ಬಳು ಕೂಗುತ್ತಾಳೆ, ಸ್ಪಷ್ಟವಾಗಿ, "ಇನ್ನೊಂದ್ ಎಣ್ಣದೆ ಕಣಪ್ಪೋ" ಎಂದು. ಅದು ಆಗಲಿಲ್ಲ. ಎಲ್ಲೋ ಒಂದು ಮಿಕ್ಸಿ ತಿರುಗುತ್ತಿದ್ದುದು ಮಾತ್ರ ಕೇಳುತ್ತಿತ್ತು.

ಚಿಕ್ಕತಾಯಮ್ಮ ಎದ್ದು ಎದುರುಮನೆಯ ಮುದುಕಿಯ ಮುಂದೆ ಹೋಗಿ ನಿಂತಳು. ಅವಳನ್ನು ಎತ್ತಿ ಆಡಿಸಿದವಳಂತೆ ಆ ಮುದುಕಿ. "ಅತ್ತೆ, ನೀನಾರ ಯೋಳು."

ಮುದುಕಿ ಅವಳ ಕೆನ್ನೆ ಸವರಿದಳು. ಆಮೇಲೆ ಕಟ್ಟೆಯ ಮೇಲೆ ಕೂತವರನ್ನು ನೋಡಿದಳು.

"ಇವ್ರು ಈಗ ಸರ್ಕಾರದೋರಲ್ವಂತಲ್ಲ ಮಗ. ಸರ್ಕಾರ ಬಂದು ಕೇಳುದ್ರೆ ಯೋಳ್ಬೋದು. ಕೇಳುದ್ರು, ಯೋಳ್ದೆ ಅಂತ ಆಯ್ತದೆ. ಸುಮ್ಕೆ ನಾನೇ ಬಾಯ್ಬುಟ್ರೆ ನಿನ್ ತಮ್ಮುನ್ ಮ್ಯಾಲೆ ಚಾಡಿ ಯೋಳ್ದಂಗಾಯ್ತದೆ. ನೀನು ಬಸ್ಸತ್ಕಂಡು ಓಯ್ತೀಯೆ. ನಾನಿಲ್ಲೇ ಬಾಳ್ಬೇಕಲ್ಲವ್ವ."

ಅವರು ಅದನ್ನು ಕೇಳಿಸಿಕೊಂಡರು. ಕಟ್ಟೆ ಬಹಳ ದೂರವಿರಲಿಲ್ಲ. ಇಂಕ್ ಪ್ಯಾಡಿನ ಮುಚ್ಚಳ ಹಾಕಲು ಹೋದರು, ಅದು ಕೂರಲಿಲ್ಲ, ಮತ್ತೆ ತೆಗೆದು ಹಾಕಿದರು. ಬೆರಳೆಲ್ಲ ನೀಲಿಯಾಯಿತು. ಜನ ಒಬ್ಬೊಬ್ಬರೇ ಚದುರಿದರು, ಏನೂ ನಡೆಯದ ಜಾಗದಿಂದ ಜನ ಹೋಗುವ ಹಾಗೆ.

ಚಿಕ್ಕತಾಯಮ್ಮ ತಮ್ಮನ ಮನೆಗೆ ಊಟಕ್ಕೆ ಹೋದಳು. ನನಗೆ ಆಶ್ಚರ್ಯವಾಯಿತು. ಅವರಿಗೆ ಆಗಲಿಲ್ಲ. "ಓಗ್ಲಿ. ಆ ಬಾಗ್ಲೂ ಮುಚ್ಕಂಡೋದ್ರೆ ಏನ್ ಮಾಡ್ತಾಳೆ," ಎಂದರು. ನಾವು ಬಿಸಿಲಿನಲ್ಲಿ ಕೂತೇ ಇದ್ದೆವು. ರಹಮತ್ ಆಟೋ ನೆರಳಿಗೆ ಹಾಕಿ ಬಂದ.

ಅವಳು ಹೊರಗೆ ಬಂದಾಗ ಕೈಯಲ್ಲಿ ಸ್ಟೀಲಿನ ಲೋಟವಿತ್ತು. ಅವರಿಗೆ ಕೊಟ್ಟಳು.

"ಮಜ್ಜಿಗೆ ಸಾಮಿ. ಕುಡೀರಿ. ನಮ್ಮನೇದು."

ಅವರು ನೀಲಿ ಬೆರಳುಗಳಿಂದ ಲೋಟ ಹಿಡಿದುಕೊಂಡರು. ನಿಧಾನವಾಗಿ, ತಳದವರೆಗೆ ಕುಡಿದರು. ಲೋಟದ ಮೇಲೆ ಇಂಕಿನ ಗುರುತು ಉಳಿಯಿತು. ಅವಳು ಅದನ್ನು ನೋಡಿ, ಸೆರಗಿನಿಂದ ಒರೆಸಿ, ಹೋಗದಿದ್ದಾಗ ತೊಳೆಯಲು ಮನೆಯ ಮುಂದಿನ ನಲ್ಲಿಯ ಹತ್ತಿರ ಬಗ್ಗಿದಳು. ಒಳಗಿಂದ ತಮ್ಮನ ಹೆಂಡತಿ ಬೇಗ ಬೇಗ ಬಂದು ಲೋಟಕ್ಕೆ ಕೈ ಹಾಕಿದಳು.

"ಬುಡಿ ಬುಡಿ, ನೆಂಟ್ರ ಕೈಲಿ ಲೋಟ ತೊಳುಸ್ತಾರಾ?"

ಅವರು ಕಟ್ಟೆಯಿಂದ ಅದನ್ನೇ ನೋಡುತ್ತಿದ್ದರು. ಒಂದು ಗಳಿಗೆ ಇಬ್ಬರ ಕೈಯೂ ಲೋಟದ ಮೇಲಿತ್ತು. ನಲ್ಲಿ ನೀರು ಸುರಿಯುತ್ತಿತ್ತು. ಚಿಕ್ಕತಾಯಮ್ಮ ಲೋಟ ಬಿಟ್ಟಳು.